ಡಿಕ್ಕಿಯಲ್ಲಿ ಬಂದ ಸೊಪ್ಪು

ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳಬೇಕೆನ್ನುವವರಿಗೆ ರಮೇಶ್‌ಬಾಬು ಮೊದಲು ಹೇಳುತ್ತಿದ್ದುದು ಸ್ಪ್ಯಾನರಿನ ವಿಷಯವಲ್ಲ, ಸ್ಟ್ಯಾಂಡಿನ ವಿಷಯ. ಜಾಕು ಕಾರನ್ನು ಎತ್ತುತ್ತದೆ, ಆದರೆ ಹಿಡಿದು ನಿಲ್ಲಿಸುವುದು ಸ್ಟ್ಯಾಂಡು. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತೂರಬಾರದು. ಇದನ್ನು ಅವರು ಕಲಿತದ್ದು ಹೆಂಡತಿ ಪದ್ಮಶ್ರೀಯಿಂದ. ಹೊಸದರಲ್ಲಿ ಕ್ವಾರಿಯ ಸೈಜುಗಲ್ಲುಗಳನ್ನು ಚಕ್ರದ ಜಾಗದಲ್ಲಿ ಜೋಡಿಸಿ, ಅದರ ಮೇಲೆ ಕಾರು ಕೂರಿಸಿ ಕೆಳಗೆ ಮಲಗಿದ್ದರು. ಬಟ್ಟೆ ಒಣಹಾಕಲು ಹೊರಗೆ ಬಂದ ಆಕೆಗೆ ಕಂಡದ್ದು ಎರಡು ಕಾಲು ಮಾತ್ರ.

"ಬೇಗ ಹೊರಗ್ ಬರ್ರೀ. ಕಾರ್ ಮಾರ್ಬಹುದು, ನಿಮ್ಮನ್ನ ಯಾರೂ ತಗಳಲ್ಲ," ಎಂದಿದ್ದರಂತೆ.

ಮರುವಾರವೇ ಶಿಡ್ಲಘಟ್ಟದ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿಸಿದರು.

ರಮೇಶ್‌ಬಾಬು ಅವರಿಗೆ ಈಗ ನಲವತ್ತಾರು. ಶಿಡ್ಲಘಟ್ಟದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಜಂಗಮಕೋಟೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ ಅವರ ಮನೆ, ತೋಟ. ತಾಯಿ ಅಮ್ಮಾಜಮ್ಮ ಎಪ್ಪತ್ತರ ಹತ್ತಿರದವರು, ರೇಷ್ಮೆ ಹುಳು ಸಾಕುವುದನ್ನು ಇನ್ನೂ ಬಿಟ್ಟಿಲ್ಲ. ಚಿಂತಾಮಣಿಯಲ್ಲಿ ಕೊಂಡ ಹಳೆಯ ಸಣ್ಣ ಕಾರೊಂದು ಮೇಷ್ಟ್ರಲ್ಲಿದೆ. ಅದನ್ನು ಹನ್ನೊಂದು ವರ್ಷಗಳಿಂದ ಯಾವ ಗ್ಯಾರೇಜಿಗೂ ಬಿಟ್ಟಿಲ್ಲ ಎನ್ನುವುದು ಅವರ ಹೆಮ್ಮೆಯಾಗಿತ್ತು.

ಅವರ ಸಾಮಾನಿನ ಪಟ್ಟಿ ದೊಡ್ಡದಲ್ಲ. ಎಂಟರಿಂದ ಹತ್ತೊಂಬತ್ತರವರೆಗೆ ರಿಂಗ್ ಸ್ಪ್ಯಾನರುಗಳು. ಒಂದು ಸಾಕೆಟ್ ಸೆಟ್ಟು. ಚಕ್ರದ ನಟ್ಟು ಬಿಚ್ಚಲು ಉದ್ದ ಹಿಡಿಯ ಸ್ಪ್ಯಾನರು, ಏಕೆಂದರೆ ಕಾರಿನ ಜೊತೆ ಬರುವ ಗಿಡ್ಡ ಹಿಡಿಗೆ ಹೆಂಗಸರ ಕೈಯಲ್ಲೂ ಮುದುಕರ ಕೈಯಲ್ಲೂ ನಟ್ಟು ಬಿಡುವುದಿಲ್ಲ. ಇಕ್ಕಳ, ಎರಡು ಬಗೆಯ ಸ್ಕ್ರೂಡ್ರೈವರು, ಬ್ಯಾಟರಿ ನೋಡಲು ಒಂದು ಮೀಟರು, ತಲೆಗೆ ಕಟ್ಟಿಕೊಳ್ಳುವ ಟಾರ್ಚು. ದಾರಿಯಲ್ಲಿ ನಿಂತ ಕಾರನ್ನು ಎಳೆಸಲು ಕೊಕ್ಕೆಯಿರುವ ಸರಪಳಿ. ಕೊನೆಯದಾಗಿ, ಎಂಜಿನ್ನಿನ ಹಳೆಯ ಎಣ್ಣೆ ಹಿಡಿಯಲು ಅಗಲ ಬಾಯಿಯ ಒಂದು ತಟ್ಟೆ.

ಮಿಕ್ಕೆಲ್ಲವನ್ನೂ ಅವರು ಅಂಗಡಿಯಲ್ಲಿ ಕೊಂಡಿದ್ದರು. ತಟ್ಟೆಯನ್ನು ಮಾತ್ರ ಕೊಳ್ಳಲಿಲ್ಲ.

ಪೆರೇಸಂದ್ರದ ಬಳಿ ಚಲಪತಿ ಎಂಬ ಅವರ ಹಳೆಯ ಸಹಪಾಠಿಯ ದ್ರಾಕ್ಷಿ ತೋಟವಿದೆ. ಅಲ್ಲಿಗೆ ಹೋಗಿದ್ದಾಗ ಪಂಪ್‌ಸೆಟ್ ಮನೆಯ ಹಿಂದೆ ಐದು ಲೀಟರಿನ ಖಾಲಿ ಕ್ಯಾನೊಂದು ಬಿದ್ದಿತ್ತು. ದ್ರಾಕ್ಷಿಗೆ ಹೊಡೆಯುವ ಔಷಧಿಯ ಕ್ಯಾನು. ದಪ್ಪ ಪ್ಲಾಸ್ಟಿಕ್, ಒಳ್ಳೆಯ ಹಿಡಿ. ಮನೆಗೆ ತಂದು, ಮಲಗಿಸಿ, ಮೇಲಿನ ಮೈಯನ್ನು ಬ್ಲೇಡಿನಿಂದ ಕೊಯ್ದರು. ಸೋಪಿನ ಪುಡಿ ಹಾಕಿ ಎರಡು ಸಲ ತೊಳೆದು, ಎರಡು ದಿನ ಬಿಸಿಲಿಗಿಟ್ಟರು. ವಾಸನೆ ಹೋಯಿತು. ಕಾರಿನ ಕೆಳಗೆ ತಳ್ಳಿದರೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಅದರಲ್ಲಿ ಎಣ್ಣೆ ಇಳಿಸಿದರು. ಡೀಸೆಲ್ ಸುರಿದು ನಟ್ಟು ಬೋಲ್ಟುಗಳ ಜಿಡ್ಡು ತೊಳೆದರು. ಕೆಲಸ ಮುಗಿದ ಮೇಲೆ ಜಾಕಿನ ಪಕ್ಕ ಡಿಕ್ಕಿಯಲ್ಲೇ ಇಡುತ್ತಿದ್ದರು.

ಔಷಧಿಯ ಸಂಗತಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ರೇಷ್ಮೆ ಊರಿನಲ್ಲಿ ಹುಟ್ಟಿದವರು. ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸುಣ್ಣದ ಪುಡಿ ತುಳಿದು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ ಒಳಗೆ ಹೋಗಬೇಕು. ಒಳಗೆ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯಂತೂ ಇಲ್ಲವೇ ಇಲ್ಲ. ಟೊಮೆಟೊಗೆ ಔಷಧಿ ಹೊಡೆದು ಬಂದವರನ್ನು ಸ್ನಾನ ಮಾಡಿ ಬಟ್ಟೆ ಬದಲಿಸುವವರೆಗೆ ಅಂಗಳಕ್ಕೂ ಸೇರಿಸುವುದಿಲ್ಲ. ಅಮ್ಮಾಜಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಒಳಗೆ ಬರುವವರ ಕೈಯನ್ನು ಹಿಡಿದು ಮೂಸಿ ನೋಡುತ್ತಿದ್ದರು, ಸ್ವಂತ ಮಗನದನ್ನೂ. "ನಿನ್ ಕೈಯಲ್ಲಿ ಯಾವಾಗ್ಲೂ ಪೆಟ್ರೋಲ್ ಬಂಕೇ ಇರತ್ತಲ್ಲೋ," ಎಂದು ಎಷ್ಟೋ ಸಲ ಹೊರಗೆ ಕಳಿಸಿದ್ದರು.

ಕೈಯನ್ನು ಮೂಸುವ ಪದ್ಧತಿ ಇತ್ತು. ಕಾರನ್ನು ಮೂಸುವ ಪದ್ಧತಿ ಇರಲಿಲ್ಲ.

ಹೋದ ವರ್ಷದ ಫೆಬ್ರವರಿಯ ಒಂದು ಭಾನುವಾರ. ಐವತ್ತು ಮೊಟ್ಟೆಯ, ಎಂದರೆ ಇಪ್ಪತ್ತು ಸಾವಿರ ಹುಳುವಿನ, ಸಣ್ಣ ಬೆಳೆ. ಹುಳುಗಳು ನಾಲ್ಕನೇ ಜ್ವರದಿಂದ, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಐದು ದಿನವಾಗಿತ್ತು. ಇನ್ನೆರಡು ದಿನ ಮೇಯಿಸಿದರೆ ಹಣ್ಣಾಗಿ ಗೂಡು ಕಟ್ಟಲು ಹತ್ತುತ್ತಿದ್ದವು. ಹುಳು ಅತಿ ಹೆಚ್ಚು ತಿನ್ನುವ ದಿನಗಳಿವು. ಎಂದಿನಂತೆ ಮನೆಯ ತೋಟದ ಸೊಪ್ಪು ಸಾಲದೆ ಬಂತು, ಎಂದಿನಂತೆ ಮುನಿಗಂಗಪ್ಪನವರಿಗೆ ಹೇಳಿದರು.

ಮುನಿಗಂಗಪ್ಪ ಊರಾಚೆ, ಕೆರೆ ಏರಿಯ ಕೆಳಗಿನ ಕಾಲೊನಿಯವರು. ಅರವತ್ತರ ಆಸುಪಾಸು. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ಹೆಂಡತಿ ಮುನಿಶಾಮಮ್ಮನಿಗೆ ಮಂಡಿ ನೋವು ಬಂದ ಮೇಲೆ ಹುಳು ಸಾಕುವುದನ್ನು ಬಿಟ್ಟು, ಸೊಪ್ಪನ್ನು ಊರೊಳಗಿನ ನಾಲ್ಕು ಮನೆಗಳಿಗೆ ಮಾರುತ್ತಿದ್ದರು. ಎಲೆಗೆ ಮಣ್ಣು ಹತ್ತಿದ್ದರೂ ಆ ಕಡ್ಡಿಯನ್ನು ಕಟ್ಟಿಗೆ ಸೇರಿಸುವವರಲ್ಲ. ಮಗಳು ಗೌತಮಿ ರಮೇಶ್‌ಬಾಬು ಅವರ ಶಾಲೆಯಲ್ಲೇ ಓದಿದವಳು, ಗಣಿತದಲ್ಲಿ ತೊಂಬತ್ತೆಂಟು ತೆಗೆದವಳು. ಈಗ ಚಿಕ್ಕಬಳ್ಳಾಪುರದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಸೊಪ್ಪನ್ನು ಯಾವಾಗಲೂ ಮುನಿಗಂಗಪ್ಪನೇ ಮೊಪೆಡ್ಡಿನ ಮೇಲೆ ಹೇರಿಕೊಂಡು ಬಂದು ಕೊಡುತ್ತಿದ್ದರು. ಆ ಭಾನುವಾರ ಫೋನು ಮಾಡಿದರು.

"ಮೇಷ್ಟ್ರೇ, ಗಾಡಿ ಚೈನ್ ಕಟ್ಟಾಗ್ಬಿಟ್ಟೈತೆ. ಕಾರ್ ತಂದ್ಬಿಡ್ತೀರಾ?"

ಮೇಷ್ಟ್ರು ಅಂದು ಬೆಳಿಗ್ಗೆ ಎಣ್ಣೆ ಬದಲಿಸಿದ್ದರು. ಹಳೆಯ ಎಣ್ಣೆಯನ್ನು ಬಾಟಲಿಗೆ ತುಂಬಿ, ತಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಬೋಲ್ಟುಗಳನ್ನು ನೆನೆಯಲು ಬಿಟ್ಟಿದ್ದರು. ಅಷ್ಟರಲ್ಲಿ ಫೋನು ಬಂತು. ಬೋಲ್ಟುಗಳನ್ನು ತೆಗೆದು ಕಾರಿಗೆ ಬಿಗಿದು, ತಟ್ಟೆಯನ್ನು ಡೀಸೆಲ್ ಸಮೇತ ಡಿಕ್ಕಿಯ ಮೂಲೆಗೆ ಸರಿಸಿ, ಹಿಂದಿನ ಸೀಟು ಮಡಚಿ ಹೊರಟರು. ಕಾಲೊನಿಯ ದಾರಿ ಪೂರ್ತಿ ಹಳ್ಳ. ತಟ್ಟೆ ಎಲ್ಲಿ ಮಗುಚಿತೋ ಗೊತ್ತಾಗಲಿಲ್ಲ.

ನಾಲ್ಕು ಕಟ್ಟು ಸೊಪ್ಪು, ಮೇಲೆ ಒದ್ದೆ ಗೋಣಿ. ಎರಡನೇ ಕಟ್ಟನ್ನು ತುಂಬುವಾಗ ಮುನಿಗಂಗಪ್ಪ ತಲೆ ಒಳಗೆ ಹಾಕಿದವರು ಹಾಗೇ ನಿಂತರು.

"ಏನೋ ವಾಸ್ನೆ ಐತಲ್ಲ ಮೇಷ್ಟ್ರೇ."

"ಕಾರಂದ್ಮೇಲೆ ಕಾರಿನ ವಾಸ್ನೆ ಇರ್ದೇ ಮಲ್ಲಿಗೆ ಹೂವಿನ ವಾಸ್ನೆ ಇರತ್ತಾ ಗಂಗಪ್ಪ?"

ಇಬ್ಬರೂ ನಕ್ಕರು. ಉಳಿದ ಎರಡು ಕಟ್ಟುಗಳೂ ಒಳಗೆ ಹೋದವು. ಮೇಷ್ಟ್ರು ಹಾಗೇ ಜಂಗಮಕೋಟೆಗೆ ಹೋಗಿ ಹಸುವಿನ ಬೂಸಾ ಕೊಳ್ಳಲು ನಿಂತರು, ಪರಿಚಯದವರು ಸಿಕ್ಕರು, ಕಾಫಿಯಾಯಿತು. ಮುಚ್ಚಿದ ಕಾರಿನಲ್ಲಿ, ಬಿಸಿಲಿನಲ್ಲಿ, ಸೊಪ್ಪು ನಲವತ್ತು ನಿಮಿಷ ಇತ್ತು.

ಅಮ್ಮಾಜಮ್ಮ ಆ ಸೊಪ್ಪನ್ನು ನಾಲ್ಕು ಗಂಟೆಗೆ ಹುಳು ಸಾಕುವ ಎಲ್ಲ ಅಟ್ಟಗಳಿಗೂ ಸಮನಾಗಿ ಹಂಚಿ ಹಾಕಿದರು. ಒಂದೇ ಅಟ್ಟಕ್ಕೆ ಹಾಕಿದ್ದರೆ ಒಂದೇ ಅಟ್ಟ ಹೋಗುತ್ತಿತ್ತು. ಆರು ಗಂಟೆಗೆ ಹುಳುಗಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಆಡಿಸತೊಡಗಿದವು. ಆಮೇಲೆ ಬಾಯಿಂದ ಹಸಿರು ನೀರು ಕಾರಿದವು. ಮೈ ಮುರುಟಿಕೊಂಡು ಕಡ್ಡಿಗಳಿಂದ ಉದುರಿದವು. ಬೆಳಗಿನ ಹೊತ್ತಿಗೆ ಹುಳು ಮನೆಯಲ್ಲಿ ಸೊಪ್ಪು ಮೇಯುವ ಸದ್ದೇ ಇರಲಿಲ್ಲ. ರೇಷ್ಮೆ ಇಲಾಖೆಯಿಂದ ಬಂದವರು ಬಾಗಿಲಲ್ಲೇ ನಿಂತು ನಾಲ್ಕು ಹುಳು ಎತ್ತಿ ನೋಡಿದರು.

"ರೋಗ ಅಲ್ಲಮ್ಮ ಇದು. ಔಷಧಿ ಸೋಕಿದೆ. ಸೊಪ್ಪಿನ ಜೊತೆ ಬಂದಿರೋದು."

ಅಮ್ಮಾಜಮ್ಮ ಸೆರಗು ಸಿಕ್ಕಿಸಿ ನೆಟ್ಟಗೆ ಕಾಲೊನಿಗೆ ನಡೆದರು. ಶಾಲೆಗೆ ಎರಡು ದಿನ ರಜೆ ಹಾಕಿದ್ದ ಮಗ ಹಿಂದೆ ಹೋದರು. ಮುನಿಗಂಗಪ್ಪ ಅಂಗಳದಲ್ಲಿ ಮೊಪೆಡ್ಡಿನ ಚೈನು ಕೂರಿಸುತ್ತಿದ್ದರು.

"ಏನೋ ಗಂಗಪ್ಪಾ, ಹುಳ ಅಂದ್ರೆ ಮಕ್ಳು ಕಣೋ. ಹೆತ್ ಮಕ್ಳಿಗೆ ವಿಷ ಇಕ್ದಂಗ್ ಇಕ್ಕಿದ್ಯಲ್ಲೋ!"

"ಅಮ್ಮಾ, ನನ್ ತೋಟಕ್ಕೆ ಔಷಧಿ ಮುಟ್ಸಿಲ್ಲಮ್ಮ ನಾನು."

"ನಿನ್ ಮಗ್ಗುಲಾಗೇ ಟೊಮೆಟೊ ಇಲ್ವೇನೋ? ಅದಕ್ಕೆ ಹೊಡಿಲಿಲ್ವಾ?"

"ಹೊಡ್ದು ಇಪ್ಪತ್ ದಿನ ಆಯ್ತು. ಆ ಕಡೆ ನಾಕ್ ಸಾಲು ಬಿಟ್ಟು ಈ ಕಡೇದ್ ಕಿತ್ ಕೊಟ್ಟಿದೀನಿ."

"ಯಾವನ್ ನೋಡಿದ? ಕತ್ತೆ ಥರ ದುಡ್ದಿದೀನಿ ಕಣೋ ಇಪ್ಪತ್ತೈದ್ ದಿನ. ನಿಮ್ಮನ್ ನಂಬಿದ್ನಲ್ಲ, ನನ್ಗೆ ಬುದ್ಧಿ ಇಲ್ಲ!"

'ನಿನ್' ಎಂದು ಶುರುವಾದದ್ದು 'ನಿಮ್ಮನ್' ಆದಾಗ ಆ ಮಾತು ಒಬ್ಬರಿಗೆ ಹೇಳಿದ್ದಾಗಿರಲಿಲ್ಲ, ಬೀದಿಗೆಲ್ಲ ಹೇಳಿದ್ದಾಗಿತ್ತು. ಮುನಿಶಾಮಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಮುನಿಗಂಗಪ್ಪ ಒಮ್ಮೆ ತಲೆ ಎತ್ತಿ ಮೇಷ್ಟ್ರನ್ನು ನೋಡಿ, ಮತ್ತೆ ಚೈನಿನ ಕಡೆ ತಿರುಗಿದರು.

ಆ ಹೊತ್ತಿನಲ್ಲಿ ತನಗೆ ಗೊತ್ತಿರಲಿಲ್ಲ ಎಂದು ರಮೇಶ್‌ಬಾಬು ಹೇಳಿಕೊಳ್ಳಬಹುದು. ಗೊತ್ತಾಗಲು ಸೊಪ್ಪು ಇಳಿಸಿದ ಮೇಲೆ ಡಿಕ್ಕಿಯ ಮೂಲೆಯನ್ನೊಮ್ಮೆ ನೋಡಿದ್ದರೆ ಸಾಕಿತ್ತು. ನೋಡಿದ್ದು ಮರುದಿನ.

ಮಂಗಳವಾರ ಮಧ್ಯಾಹ್ನ ಜಾಕು ತೆಗೆಯಲು ಹೋದಾಗ ತಟ್ಟೆ ಬೋರಲಾಗಿ ಬಿದ್ದಿತ್ತು. ಕೆಳಗಿನ ಮ್ಯಾಟು ಜಿಡ್ಡಾಗಿತ್ತು, ಅದಕ್ಕೆ ಹಿಪ್ಪುನೇರಳೆಯ ಎರಡು ಎಲೆ ಅಂಟಿಕೊಂಡಿದ್ದವು. ತಟ್ಟೆಯ ತಳದಲ್ಲಿ ಅವರು ಕೊಯ್ಯದೆ ಬಿಟ್ಟಿದ್ದ ಚೀಟಿಯ ಅರ್ಧಭಾಗವಿತ್ತು, ಅದರಲ್ಲಿ ಕಡು ವಿಷದ ಗುರುತಾದ ಕೆಂಪು ತ್ರಿಕೋನ. ಆ ಔಷಧಿ ಬೆರೆಸಿದ್ದೇ ಎಣ್ಣೆಯಂಥ ದ್ರವದಲ್ಲಿ. ಪ್ಲಾಸ್ಟಿಕ್ಕಿನೊಳಗೆ ಇಳಿದದ್ದನ್ನು ಸೋಪಿನ ನೀರು ತೆಗೆಯದು, ಡೀಸೆಲ್ ತೆಗೆಯುತ್ತದೆ. ಎರಡು ಸಲ ತೊಳೆದಾಗ ಬರದಿದ್ದದ್ದು ಬೋಲ್ಟು ತೊಳೆದಾಗ ಬಂದಿತ್ತು.

ಆದರೂ ಅವರು ಗಣಿತದ ಮೇಷ್ಟ್ರು. ಹುಳು ಮನೆಯ ಒಂದು ಮೂಲೆಯಲ್ಲಿ ಮೂವತ್ತೋ ನಲವತ್ತೋ ಹುಳು ಇನ್ನೂ ಮೇಯುತ್ತಿದ್ದವು. ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ ಇಪ್ಪತ್ತನ್ನು ತಂದು ಎರಡು ಊಟದ ತಟ್ಟೆಗಳಲ್ಲಿ ಬಿಟ್ಟರು. ಹತ್ತಕ್ಕೆ ತಮ್ಮ ತೋಟದ ಎಲೆ. ಇನ್ನು ಹತ್ತಕ್ಕೆ ಅದೇ ಗಿಡದ ಎಲೆ, ಅರ್ಧ ಗಂಟೆ ಡಿಕ್ಕಿಯ ಮ್ಯಾಟಿನ ಮೇಲೆ ಇಟ್ಟದ್ದು. ಒಂದೂವರೆ ಗಂಟೆಯಲ್ಲಿ ಎರಡನೇ ತಟ್ಟೆಯ ಹತ್ತೂ ಹಸಿರು ನೀರು ಕಾರಿದವು.

ಅಂದು ಅವರು ಮಾಡಿದ ಮುಂದಿನ ಕೆಲಸ ತಾಯಿಗೆ ಹೇಳುವುದಾಗಿರಲಿಲ್ಲ. ಹ್ಯಾಕ್ಸಾ ಬ್ಲೇಡು ತೆಗೆದುಕೊಂಡು ಕ್ಯಾನನ್ನು ಎಂಟು ತುಂಡು ಮಾಡಿದರು. ಮ್ಯಾಟಿನ ಜೊತೆ ಚೀಲಕ್ಕೆ ತುಂಬಿ, ಒಂದು ಕಲ್ಲು ಸೇರಿಸಿ, ಕೆಲಸ ನಿಂತು ನೀರು ತುಂಬಿಕೊಂಡ ಕ್ವಾರಿಯ ಗುಂಡಿಗೆ ಎಸೆದು ಬಂದರು. ಡಿಕ್ಕಿಯನ್ನು ಮೂರು ಸಲ ತೊಳೆದರು.

"ಎಣ್ಣೆ ಹಿಡಿಯೋ ಡಬ್ಬ ಎಲ್ರೀ ಕಾಣಲ್ಲ?" ಎಂದರು ಪದ್ಮಶ್ರೀ, ವಾರದ ನಂತರ.

"ಒಡೆದೋಯ್ತು."

"ಅಷ್ಟ್ ಗಟ್ಟಿ ಇತ್ತಲ್ಲ."

ಅವರು ಸ್ಪ್ಯಾನರ್ ಒರೆಸುತ್ತಾ ಕೂತರು.

ಹಾಲಿನ ಡೇರಿ ಆ ಊರಿನಲ್ಲಿ ಬೆಳಿಗ್ಗೆ ಆರೂವರೆಗೆ ತೆರೆಯುತ್ತದೆ. ಕ್ಯಾನು ಹಿಡಿದ ಐವತ್ತು ಜನ ಅರ್ಧ ಗಂಟೆ ಒಂದೇ ಕಡೆ ನಿಲ್ಲುವ ಜಾಗ. ಅಮ್ಮಾಜಮ್ಮ ಅಲ್ಲಿ ಹೇಳಿದ್ದು ಒಂದೇ ಸಲ, ಉಳಿದದ್ದನ್ನು ಸಾಲು ನೋಡಿಕೊಂಡಿತು. "ನಾನಂತೂ ಅವ್ರ್ ಸೊಪ್ಪು ಮೊದ್ಲಿಂದ್ಲೂ ತಗಳಲ್ಲ," ಎಂದರು ಸಾಲಿನಲ್ಲಿದ್ದ ಶ್ಯಾಮಲಮ್ಮ. ಹದಿನೈದು ದಿನದ ಹಿಂದೆ ಮೂರು ಹೊರೆ ತೆಗೆದುಕೊಂಡಿದ್ದರು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ನೆನಪಿಸಲಿಲ್ಲ. ಇಂಥ ಮಾತು ಊರೊಳಗಿನ ತೋಟವೊಂದರ ಮೇಲೆ ಬಂದಿದ್ದರೆ ಎರಡು ಪ್ರಶ್ನೆಯಾದರೂ ಏಳುತ್ತಿತ್ತು. ಕಾಲೊನಿಯ ತೋಟದ ಮೇಲೆ ಬಂದದ್ದರಿಂದ ಏಳಲಿಲ್ಲ. ಎರಡು ವಾರದಲ್ಲಿ ನಾಲ್ಕು ಮನೆಗಳೂ ಬೇರೆ ಕಡೆಯಿಂದ ಸೊಪ್ಪು ತರಿಸತೊಡಗಿದವು.

ಗೌತಮಿ ಜಗಳಕ್ಕೆ ಹೋಗಲಿಲ್ಲ. ಮರಿ ಹುಳು ಸಾಕಿ ಮಾರುವ ಚಾಕಿ ಕೇಂದ್ರದಿಂದ ಐವತ್ತು ಹುಳು ತಂದು, ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಬಿದಿರಿನ ತಟ್ಟೆಯಲ್ಲಿಟ್ಟು, ಸೊಳ್ಳೆಪರದೆ ಮುಚ್ಚಿ, ತಮ್ಮ ತೋಟದ ಸೊಪ್ಪನ್ನೇ ಹಾಕಿ ಸಾಕಿದಳು. ಟೊಮೆಟೊ ಕಡೆಯ ಸಾಲಿನ ಸೊಪ್ಪನ್ನೇ ಬೇಕೆಂದು ಹಾಕಿದಳು. ಹದಿನೇಳು ದಿನಕ್ಕೆ ನಲವತ್ತೊಂಬತ್ತು ಗೂಡಾದವು. ಶ್ಯಾಮಲಮ್ಮ ಹೋಗಿ ನೋಡಿ ಬಂದು ಹೇಳಿದರು: "ಐವತ್ ಹುಳಕ್ಕೆ ಒಳ್ಳೆ ಸೊಪ್ಪು ಎಲ್ಲಾದ್ರೂ ಸಿಗತ್ತೆ ಬಿಡಮ್ಮ." ರಮೇಶ್‌ಬಾಬು ಆ ದಾರಿಯಲ್ಲಿ ಹೋಗುವಾಗ ಪರದೆಯೊಳಗಿನ ಬಿಳಿ ಗೂಡುಗಳನ್ನು ಕಂಡರು. ಅವಳು ಮಾಡಿದ್ದು ತಮ್ಮದೇ ಪ್ರಯೋಗದ ಉಳಿದರ್ಧ. ಅದನ್ನು ಅರ್ಥ ಮಾಡಿಕೊಳ್ಳಬಲ್ಲ ಒಬ್ಬನೇ ಮನುಷ್ಯ ತಾನು ಎಂಬುದೂ ಅವರಿಗೆ ಗೊತ್ತಿತ್ತು. ಗೇರು ಬದಲಿಸಿ ಮುಂದೆ ಹೋದರು.

ಆ ವಾರವೇ ಜಂಗಮಕೋಟೆಯ ಬಸ್ ನಿಲ್ದಾಣದಲ್ಲಿ ಅವಳು ಎದುರಾದಳು.

"ಸಾರ್, ಒಂದ್ ಮಾತ್ ಕೇಳ್ಲಾ?"

"ಕೇಳಮ್ಮ."

"ಅಪ್ಪ ಅದೇ ವಾರ ಎರಡ್ ಸಲ ನಿಮ್ಮನೆಗೆ ಸೊಪ್ಪು ಕೊಟ್ಟಿದ್ರು, ಗಾಡೀಲಿ. ಏನೂ ಆಗ್ಲಿಲ್ಲ. ಮೂರನೇ ಸಲ ಕಾರಲ್ಲಿ ಹೋಯ್ತು. ಬದಲಾಗಿದ್ದು ಅದೊಂದೇ ತಾನೆ?"

ಇಂಥ ಪ್ರಶ್ನೆ ಕೇಳುವುದನ್ನು ಹತ್ತನೇ ತರಗತಿಯಲ್ಲಿ ಅವಳಿಗೆ ಕಲಿಸಿದವರು ಅವರೇ. ಎಲ್ಲವನ್ನೂ ಹಾಗೇ ಇಟ್ಟು, ಒಂದನ್ನು ಬದಲಿಸಿ ನೋಡು.

"ಕಾರು ಕ್ಲೀನಾಗೇ ಇತ್ತಮ್ಮ," ಎಂದರು ಮೇಷ್ಟ್ರು.

ಗೌತಮಿ ಅವರ ಮುಖ ನೋಡಿದಳು. "ಸರಿ ಸಾರ್," ಎಂದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಸುಮ್ಮನಿದ್ದದ್ದು ಬೇರೆ, ಸುಳ್ಳು ಹೇಳಿದ್ದು ಬೇರೆ ಎಂದು ರಮೇಶ್‌ಬಾಬು ಅಲ್ಲಿಯವರೆಗೆ ತಮ್ಮೊಳಗೇ ವಾದಿಸಿಕೊಂಡು ಬಂದಿದ್ದರು. ಅಂದಿನಿಂದ ಆ ವಾದವೂ ಉಳಿಯಲಿಲ್ಲ.

ಮಾರ್ಚ್ ಕೊನೆಯ ಶುಕ್ರವಾರ, ಸಂಜೆ ಐದು. ಸೈಲೆನ್ಸರಿನ ಪಟ್ಟಿ ಸಡಿಲವಾಗಿತ್ತು, ಮೇಷ್ಟ್ರು ಸ್ಟ್ಯಾಂಡಿನ ಮೇಲೆ ಕಾರು ನಿಲ್ಲಿಸಿ ಕೆಳಗೆ ಮಲಗಿದ್ದರು. ಅಂಗಳದಲ್ಲಿ ಎರಡು ಪಾದ ಬಂದು ನಿಂತವು. ಧೂಳು ಮೆತ್ತಿದ ರಬ್ಬರ್ ಚಪ್ಪಲಿ, ಒಂದರ ಬಾರಿಗೆ ತಂತಿ ಬಿಗಿದಿತ್ತು.

"ಮೇಷ್ಟ್ರೇ, ನಾನು ಮುನಿಗಂಗಪ್ಪ."

"ಹೇಳು ಗಂಗಪ್ಪ." ಅವರು ಹೊರಗೆ ಬರಲಿಲ್ಲ.

"ಕಾರ್ ಎಳಿಯೋ ಚೈನ್ ಐತಲ್ಲ ನಿಮ್ತಾವ. ಒಂದ್ ದಿನದ ಮಟ್ಟಿಗೆ ಬೇಕಾಗಿತ್ತು."

"ಯಾಕೆ?"

"ಗಿಡ ಕೀಳ್ಸಣ ಅಂತ. ನಾಳೆಗೆ ಟ್ರ್ಯಾಕ್ಟರ್ ಹೇಳಿದೀನಿ. ಬುಡಕ್ಕೆ ಚೈನ್ ಸುತ್ತಿ ಎಳಸ್ಬೇಕು."

"ಹಿಪ್ಪುನೇರಳೆ ಗಿಡಾನಾ?"

"ಇನ್ಯಾವ್ ಗಿಡ ಐತೆ ನನ್ತಾವ? ಕಟಾವಿಗ್ ಬಂದಿದ್ ಸೊಪ್ಪೆಲ್ಲ ಗಿಡದಾಗೇ ಹಣ್ಣಾಯ್ತು. ಹದಿನಾಲ್ಕ್ ವರ್ಷದ್ ಗಿಡ ಮೇಷ್ಟ್ರೇ, ಕೈಯಾಗ್ ಕೀಳಕ್ಕಾಗಲ್ಲ."

ಕಾರಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತ್ತು. ಪಾದಗಳು ಕದಲದೆ ನಿಂತಿದ್ದವು. ಕೆಳಗಿನಿಂದ ದನಿ ಬಂತು.

"ಶೆಡ್ಡಿನ ಗೋಡೇಲಿದೆ. ತಗೋ."

ಸರಪಳಿ ಇಳಿಸಿದ ಸದ್ದು. ಪಾದಗಳು ಮತ್ತೆ ಬಂದು ಕಾರಿನ ಪಕ್ಕ ನಿಂತವು, ಇನ್ನೇನೋ ಕೇಳಲು ನಿಂತಂತೆ. "ಬರ್ತೀನಿ ಹಂಗಾದ್ರೆ," ಎಂದು ಹೋದವು. ಬಿಗಿಯುವುದು ಇನ್ನೇನೂ ಇರದಿದ್ದರೂ ರಮೇಶ್‌ಬಾಬು ಬೆಳಕು ಹೋಗುವವರೆಗೆ ಕಾರಿನ ಕೆಳಗೇ ಮಲಗಿದ್ದರು. ಮಾತಾಡುವಾಗ ಎದ್ದು ಹೊರಗೆ ಬರದೆ ಇದ್ದದ್ದನ್ನೇ, ಕ್ಯಾನು ತುಂಡು ಮಾಡಿದ್ದಕ್ಕಿಂತ, ಸುಳ್ಳಿಗಿಂತ, ಅವರು ಈಗಲೂ ಹೆಚ್ಚಾಗಿ ಹೇಳಿಕೊಳ್ಳುವುದು. ಒಬ್ಬ ಹಿರಿಯರ ಪಾದದ ಜೊತೆ ಮಾತಾಡಿದೆ, ಮುಖ ನೋಡಲಾಗದೆ.

ಮರುದಿನ ಶಾಲೆಗೆ ಹೊರಟವರು ಟ್ರ್ಯಾಕ್ಟರಿನ ಸದ್ದು ಕೇಳಿ ಕಾಲೊನಿಯ ದಾರಿ ಹಿಡಿದರು. ಕಾರು ತೆಗೆಯಲಿಲ್ಲ, ನಡೆದರು. ತೋಟದ ಬದುವಿಗೆ ಮುಟ್ಟುವಾಗ ಏಳು ಗಿಡ ಬೇರು ಮೇಲಾಗಿ ಬಿದ್ದಿದ್ದವು. ಎಂಟನೆಯದರ ಬುಡಕ್ಕೆ ಮುನಿಗಂಗಪ್ಪ ಸರಪಳಿ ಸುತ್ತುತ್ತಿದ್ದರು. ಗೌತಮಿ ಕಿತ್ತ ಗಿಡಗಳನ್ನು ಬದಿಗೆ ಎಳೆಯುತ್ತಿದ್ದಳು.

"ನಿಲ್ಸಿ ಗಂಗಪ್ಪ. ತಪ್ಪು ನಿಮ್ ಸೊಪ್ಪಿಂದಲ್ಲ, ನನ್ ಕಾರಿಂದು."

ಒಂದೇ ಉಸಿರಿಗೆ ಹೇಳಿದರು: ಕ್ಯಾನು, ಡೀಸೆಲ್, ಎರಡು ತಟ್ಟೆ, ಹತ್ತು ಹುಳು, ಕ್ವಾರಿ. ಟ್ರ್ಯಾಕ್ಟರಿನವನು ದೂರದಲ್ಲಿದ್ದ, ಎಂಜಿನ್ನಿನ ಸದ್ದಿಗೆ ಅವನಿಗೇನೂ ಕೇಳಿಸಲಿಲ್ಲ. ಮುನಿಗಂಗಪ್ಪ ಕೊಕ್ಕೆ ಬಿಡಿಸಿ, ಕೈ ಎತ್ತಿ ಎಂಜಿನ್ ನಿಲ್ಲಿಸಲು ಹೇಳಿದರು. ಆಮೇಲೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ಗೊತ್ತಿತ್ತು ಮೇಷ್ಟ್ರೇ."

"ಗೊತ್ತಿತ್ತಾ?"

"ಅವತ್ತೇ ವಾಸ್ನೆ ಬಂತಲ್ಲ. ಪೆಟ್ರೋಲ್ ವಾಸ್ನೆ ನಂಗ್ ಗೊತ್ತಿಲ್ವಾ? ಅದ್ರ್ ಕೆಳಗ್ ಇನ್ನೊಂದ್ ಇತ್ತು."

"ಮತ್ತೆ ಅಮ್ಮ ಬೈದಾಗ ಯಾಕ್ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ತಪ್ಪಿಸ್ಕಳಕ್ ಹೇಳ್ದ ಅಂತಿದ್ರು. ಅದು ನೀವ್ ಹೇಳೋ ಮಾತು. ಹೇಳ್ತೀರ ಅಂತ ಕಾಯ್ದೆ. ನಿನ್ನೆನಾದ್ರೂ ಹೇಳ್ತೀರ ಅನ್ಕಂಡೆ." ಅವರು ಟ್ರ್ಯಾಕ್ಟರಿನ ಕಡೆ ಕೈ ಮಾಡಿದರು. "ಚೈನು ಅವನ್ತಾವಾನೂ ಐತೆ."

ಗೌತಮಿ ಕೈಯ ಮಣ್ಣು ಒರೆಸಿಕೊಂಡು ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

"ಸಾರ್, ಇಲ್ಲಿ ಇರೋರು ಮೂರ್ ಜನ. ಮೂರ್ ಜನಕ್ಕೂ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೇ ಇರೋರು ಬೆಳಿಗ್ಗೆ ಆರೂವರೆಗೆ ಡೇರಿ ಹತ್ರ ಸಿಗ್ತಾರೆ."

ಭಾನುವಾರ ಬೆಳಿಗ್ಗೆ ಡೇರಿಯ ಮುಂದೆ ಮೇಷ್ಟ್ರನ್ನು ಕಂಡು ಜನಕ್ಕೆ ಆಶ್ಚರ್ಯವಾಯಿತು. ಕೈಯಲ್ಲಿ ಕ್ಯಾನಿರಲಿಲ್ಲ. ಸಾಲಿನ ಮಧ್ಯದಲ್ಲಿ ಅವರ ತಾಯಿ ಇದ್ದರು.

"ಎಲ್ರೂ ಒಂದ್ ನಿಮಿಷ ಕೇಳಿ," ಎಂದು ಪಾಠ ಶುರು ಮಾಡುವವರಂತೆ ಆರಂಭಿಸಿ ಹೇಳಿದರು. ನಮ್ಮ ಹುಳು ಸತ್ತದ್ದು ಮುನಿಗಂಗಪ್ಪನವರ ಸೊಪ್ಪಿನಿಂದಲ್ಲ. ಔಷಧಿ ಕ್ಯಾನಿನಲ್ಲಿ ನಾನು ಕಾರಿನ ಎಣ್ಣೆ ಹಿಡಿಯುತ್ತಿದ್ದೆ, ಅದು ಡಿಕ್ಕಿಯಲ್ಲಿ ಚೆಲ್ಲಿತ್ತು. ಗೊತ್ತಾಗಿ ನಲವತ್ತು ದಿನದ ಮೇಲಾಯಿತು. ಹೇಳಲಿಲ್ಲ.

ಅಳತೆ ಹಾಕುವವರ ಕೈ ನಿಂತಿತು. ಹಿಂದಿನಿಂದ ಯಾರೋ, "ಮೇಷ್ಟ್ರು ಕಾರನ್ನೂ ಬ್ಲೀಚಿಂಗ್ ನೀರಲ್ ಅದ್ದಿ ತರ್ಬೇಕಿತ್ತು," ಎಂದರು. ನಗು ಎದ್ದು ಅರ್ಧಕ್ಕೇ ನಿಂತಿತು.

"ಹಂಗಾದ್ರೆ ಆ ಸೊಪ್ಪು ಚೆನ್ನಾಗೇ ಇತ್ತಾ?" ಎಂದರು ಶ್ಯಾಮಲಮ್ಮ.

"ಚೆನ್ನಾಗಿತ್ತು."

"ಅಲ್ಲಾ ಮೇಷ್ಟ್ರೇ, ನೀವು ಅವತ್ತೇ ಅಂದಿದ್ರೆ ನಾವ್ಯಾಕಪ್ಪ ಬಾಯ್ ಬಿಡ್ತಿದ್ವಿ!" ಶ್ಯಾಮಲಮ್ಮ ಸುತ್ತ ನೋಡಿದರು. ಯಾರೂ ತಲೆಯಾಡಿಸಲಿಲ್ಲ.

ಅಮ್ಮಾಜಮ್ಮ ಸಾಲು ಬಿಡಲಿಲ್ಲ. ತಮ್ಮ ಸರದಿ ಬಂದಾಗ ಹಾಲು ಸುರಿದು, ಚೀಟಿ ತೆಗೆದುಕೊಂಡು, ಮಗನನ್ನು ದಾಟಿ ನಡೆದರು. ದಾರಿಯ ತಿರುವಿನಲ್ಲಿ ಮಾತ್ರ ನಿಂತರು.

"ಮನೇಲಿ ಹೇಳಕ್ ಬಾಯಿರ್ಲಿಲ್ವೇನೋ ನಿಂಗೆ? ಆವಯ್ಯನ್ ಮನೆ ಬಾಗ್ಲಾಗ್ ನಿಂತು ನಾನ್ ಏನೇನಂದೆ! ನೀನ್ ನನ್ ಬೆನ್ ಹಿಂದೆನೇ ಇದ್ಯಲ್ಲೋ. ಈಗ ಯಾವ್ ಮುಖ ಇಟ್ಕಂಡ್ ಆ ಬೀದಿಗ್ ಹೋಗ್ಲಿ? ಹೇಳೋ!"

ತಾನು ಕಳೆದದ್ದು ಒಬ್ಬರ ಮಾನ ಎಂದು ಮಗ ಅಂದುಕೊಂಡಿದ್ದರು, ಇಬ್ಬರದಾಗಿತ್ತು.

ಮುನಿಗಂಗಪ್ಪ ಉಳಿದ ಗಿಡಗಳನ್ನು ಕೀಳಿಸಲಿಲ್ಲ. ಬುಡಕ್ಕೆ ಕತ್ತರಿಸಿ, ಗೊಬ್ಬರ ಕೊಟ್ಟು, ಚಿಗುರಲು ಬಿಟ್ಟರು. ಎರಡು ಮನೆಗಳು ಮತ್ತೆ ಸೊಪ್ಪಿಗೆ ಬಂದವು. ಒಂದು ಮನೆ ಬರಲೇ ಇಲ್ಲ. ಸಿಕ್ಕ ಬೇರೆ ಸೊಪ್ಪೇ ಚೆನ್ನಾಗಿದೆ ಎಂದು ಹೇಳಿಕಳಿಸಿದರು. ಒಮ್ಮೆ ಹಬ್ಬಿದ ಮಾತನ್ನು ಪೂರ್ತಿ ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬುದನ್ನು ರಮೇಶ್‌ಬಾಬು ಆ ಮನೆಯ ಮುಂದೆ ಹಾಯುವಾಗಲೆಲ್ಲ ನೋಡುತ್ತಾರೆ.

ಜೂನ್ ತಿಂಗಳ ಬೆಳೆಗೆ ಅಮ್ಮಾಜಮ್ಮನಿಗೆ ಮತ್ತೆ ಸೊಪ್ಪು ಸಾಲದೆ ಬಂತು. ಎರಡು ದಿನ ಬೇರೆ ಕಡೆ ಹುಡುಕಿಸಿದರು, ಸಿಗಲಿಲ್ಲ. ಪದ್ಮಶ್ರೀ ಫೋನು ಮಾಡಿದಾಗ ಮುನಿಗಂಗಪ್ಪ, "ಸೊಪ್ಪು ಐತೆ. ಅಮ್ಮನೇ ಬರ್ಲಿ," ಎಂದರಷ್ಟೇ.

ಬಿಸಿಲೇರುವ ಮುಂಚೆ ಅಮ್ಮಾಜಮ್ಮ ನಡೆದು ಹೋದರು. ಮಗ ಹತ್ತು ಹೆಜ್ಜೆ ಹಿಂದೆ. ಬದುವಿನ ಮೇಲೆ ನಿಂತು ಆಕೆ ಸಾಲುಗಳ ಮೇಲೆ ಕಣ್ಣಾಡಿಸಿದರು. ಗಿಡ ಕಿತ್ತ ಏಳು ಜಾಗಗಳಲ್ಲಿ ಹೊಸದಾಗಿ ಕಡ್ಡಿ ನೆಟ್ಟಿತ್ತು, ಮೊಣಕಾಲೆತ್ತರವೂ ಬಂದಿರಲಿಲ್ಲ.

"ಇವು ಸೊಪ್ಪಿಗ್ ಬರಕ್ಕೆ ಇನ್ನೊಂದ್ ವರ್ಷ ಬೇಕಲ್ವಾ ಗಂಗಪ್ಪ?"

"ಬೇಕಮ್ಮ."

"ನನ್ ಬಾಯಿ ಕೆಟ್ಟದ್ದು ಕಣಪ್ಪ."

ಮುನಿಗಂಗಪ್ಪ ಕುಡುಗೋಲು ತೆಗೆದುಕೊಂಡು ನಡುವಿನ ಸಾಲಿನಿಂದ ಕಡ್ಡಿ ಕೊಯ್ಯುತ್ತಾ ಹೋದರು. ಮುನಿಶಾಮಮ್ಮ ಕೂತಲ್ಲೇ ಎರಡು ಹೊರೆ ಕಟ್ಟಿದರು. ಹೊರೆ ಎತ್ತಲು ರಮೇಶ್‌ಬಾಬು ಬಗ್ಗಿದರು.

"ನೀವ್ ಮುಟ್ಬೇಡಿ ಮೇಷ್ಟ್ರೇ."

"ಸ್ನಾನ ಮಾಡ್ಕಂಡೇ ಬಂದಿದೀನಿ ಗಂಗಪ್ಪ. ಕಾರ್ ಕೆಲಸ ಮಾಡಿ ವಾರ ಆಯ್ತು."

"ಇರ್ಲಿ. ಮುಟ್ಬೇಡಿ."

ಸಿಟ್ಟಿನ ದನಿಯಲ್ಲ. ಒಲೆಯ ಹತ್ತಿರ ಹೋಗುವವರಿಗೆ ಹೇಳುವಂತೆ ಹೇಳಿದರು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಮುನಿಗಂಗಪ್ಪ ಒಂದು ಹೊರೆಯನ್ನು ಅಮ್ಮಾಜಮ್ಮನ ತಲೆಗೆ ಎತ್ತಿ ಇಟ್ಟರು, ಇನ್ನೊಂದನ್ನು ತಾವೇ ಹೊತ್ತರು. ಏರಿಯ ಮೇಲೆ ಇಬ್ಬರು ಹಿರಿಯರು ಹೊರೆ ಹೊತ್ತು ಮುಂದೆ ನಡೆದರು, ಅವರ ಹಿಂದೆ ಬರಿಗೈಯಲ್ಲಿ ರಮೇಶ್‌ಬಾಬು. ಎದುರು ಬಂದವರೆಲ್ಲ ನೋಡಿದರು. ಯಾಕೆಂದು ಯಾರೂ ಕೇಳಲಿಲ್ಲ, ಊರಿಗೆಲ್ಲ ಗೊತ್ತಿತ್ತು.